ಓದಿನ ಪೆಟ್ಟಿಗೆ: ಬಳಸುವ ಮುನ್ನ ಪೂರ್ತಿ ಓದಿ

ಅಭಿನಂದನೆ

ಮಗುವನ್ನು ಶಾಲೆಗೆ ಕಳಿಸುವುದಿಲ್ಲ, ಮನೆಯಲ್ಲೇ ಓದಿಸುತ್ತೇವೆ ಎಂದು ತೀರ್ಮಾನಿಸಿದ್ದಕ್ಕೆ ಅಭಿನಂದನೆಗಳು. ಈ ಗಳಿಗೆಯಿಂದ ನಿಮ್ಮ ಊಟದ ಮೇಜು ತರಗತಿಯಾಗಿದೆ; ನೀವು ಹೆಡ್‌ಮಾಸ್ಟರೂ ಹೌದು, ಗಂಟೆ ಹೊಡೆಯುವ ಜವಾನನೂ ಹೌದು. ಗಣಿತ ಹೇಗೋ ನಡೆದುಹೋಗುತ್ತದೆ. ಏಳೆಂಟ್ಲಿ ಐವತ್ತಾರು ಎಂಬಲ್ಲಿ ಪಂಥಗಳಿಲ್ಲ. ವಿಜ್ಞಾನಕ್ಕೆ ಅಡುಗೆಮನೆ ಇದೆ, ತಾರಸಿ ಇದೆ. ತೊಡಕು ಶುರುವಾಗುವುದು ‘ಓದು ಮತ್ತು ಸಾಹಿತ್ಯ’ ಎಂಬ ವಿಭಾಗದಲ್ಲಿ. ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಿದ್ಧಾಂತ, ಒಂದೊಂದು ಸಿದ್ಧಾಂತಕ್ಕೂ ಪುಸ್ತಕ, ವೇಳಾಪಟ್ಟಿ ತುಂಬಿದ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಡಾಲರಿನಲ್ಲಿ ಬೆಲೆ.

ಬೆಂಗಳೂರಿನಲ್ಲೋ ಅದರ ಆಸುಪಾಸಿನಲ್ಲೋ ಇದ್ದು, ಮನೆಯಲ್ಲಿ ಕನ್ನಡ ಮಾತಾಡುತ್ತ, ಮಗುವಿನ ಓದಿನ ವಿಚಾರವನ್ನು ಮಾತ್ರ ಇಂಗ್ಲಿಷಿನಲ್ಲಿ ಹುಡುಕುವ ತಂದೆತಾಯಿಗಳಿಗಾಗಿ ಈ ಕೈಪಿಡಿ. ಹಂತಗಳನ್ನು ಕೊಟ್ಟ ಕ್ರಮದಲ್ಲೇ ಪಾಲಿಸಿ. ಮೊದಲ ಕೆಲವು ಹಂತಗಳಿಗೆ ಮಗು ಬೇಕಾಗುವುದಿಲ್ಲ, ಅದು ಆಡಿಕೊಂಡಿರಲಿ.

ಸುರಕ್ಷತಾ ಸೂಚನೆ

ಚಾಲೂ ಮಾಡುವ ಮುನ್ನ ಕಾನೂನನ್ನು ಒಮ್ಮೆ ನೋಡಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ ಎಂದು ಅದರ ಹತ್ತನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ತಂದೆತಾಯಿಗಳಿಗೆ ಇಂಥ ಶಿಕ್ಷೆ ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಕರ್ತವ್ಯ ಇದ್ದು ದಂಡ ಇಲ್ಲದ ಈ ಸಂದಿನಲ್ಲಿ ನಿಮ್ಮ ಶಾಲೆ ನಡೆಯಲಿದೆ. ದಂಡ ವಿಧಿಸುವ ಅಧಿಕಾರ ಸದ್ಯಕ್ಕೆ ನೆಂಟರ ಕೈಯಲ್ಲಿದೆ. ಮದುವೆಮನೆಯಲ್ಲಿ ‘ಯಾವ ಸ್ಕೂಲು ಪುಟ್ಟಾ?’ ಎಂಬ ಪ್ರಶ್ನೆ ಬಂದಾಗ ಮಗುವಿಗಿಂತ ಮುಂಚೆ ನೀವು ಉತ್ತರಿಸಲು ಹೋಗಬೇಡಿ. ಮಗು ‘ನಮ್ಮನೆ’ ಅನ್ನುತ್ತದೆ. ಪ್ರಶ್ನೆ ಅಲ್ಲಿಗೆ ಮುಗಿದು ಹೋಳಿಗೆಯ ಕಡೆ ತಿರುಗುತ್ತದೆ.

ಲಭ್ಯವಿರುವ ಮಾದರಿಗಳು

ಮುಖ್ಯವಾಗಿ ನಾಲ್ಕು. ನಾಲ್ಕೂ ಒಂದಕ್ಕೊಂದು ಮಾತು ಬಿಟ್ಟಿವೆ.

ಮೊದಲನೆಯದು ಶಾರ್ಲೆಟ್ ಮೇಸನ್ ಮಾದರಿ. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ಶಿಕ್ಷಕಿ ಹೇಳಿದ್ದು ಇಷ್ಟು: ಮಕ್ಕಳಿಗೆಂದು ನೀರು ಬೆರೆಸಿದ ಪುಸ್ತಕ ಕೊಡಬೇಡಿ, ಜೀವವಿರುವ ಪುಸ್ತಕ ಕೊಡಿ, ಪಾಠ ಚಿಕ್ಕದಿರಲಿ, ಒಂದೇ ಸಲ ಓದಿ, ಕೇಳಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಆಕೆಯ ಹೆಸರಿನಲ್ಲಿ ಇವತ್ತು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಹೆಸರಾಂತ ಪುಸ್ತಕಪಟ್ಟಿಯನ್ನು ಮಾಡಿಕೊಂಡದ್ದು ಅಮೆರಿಕದ ತಾಯಂದಿರು, ತಮ್ಮ ಮಕ್ಕಳಿಗೆಂದು. ಹಾಗಾಗಿ ಅದರ ಮೊದಲ ವರ್ಷದಲ್ಲಿ ಭೂಗೋಳಕ್ಕೆ ‘ಪ್ಯಾಡಲ್ ಟು ದ ಸೀ’ ಎಂಬ 1941ರ ಪುಸ್ತಕ: ಕಟ್ಟಿಗೆಯಲ್ಲಿ ಕೆತ್ತಿದ ಪುಟ್ಟ ದೋಣಿಯೊಂದು ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ತೇಲುತ್ತ ಸಮುದ್ರ ಸೇರುವ ಕತೆ. ಇತಿಹಾಸಕ್ಕೆ 1905ರಲ್ಲಿ ಬಂದ ‘ಅವರ್ ಐಲೆಂಡ್ ಸ್ಟೋರಿ’. ಆ ದ್ವೀಪ ಬ್ರಿಟನ್ನು. ಎರಡೂ ಒಳ್ಳೆಯ ಪುಸ್ತಕಗಳೇ. ಪಟ್ಟಿಯನ್ನು ಇದ್ದದ್ದು ಇದ್ದ ಹಾಗೆ ಪಾಲಿಸಿದರೆ ಬನಶಂಕರಿಯ ಆರು ವರ್ಷದ ಮಗು ಸುಪೀರಿಯರ್ ಸರೋವರದಿಂದ ಅಟ್ಲಾಂಟಿಕ್ ತನಕ ದಾರಿಯನ್ನು ಕಣ್ಣುಮುಚ್ಚಿ ಹೇಳುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ಎಲ್ಲಿಂದ ಬಂತು ಎಂದು ಕೇಳಿ ನೋಡಿ. ‘ಟ್ಯಾಂಕಿನಿಂದ.’

ಎರಡನೆಯದು ಶಾಸ್ತ್ರೀಯ ಮಾದರಿ. 1947ರಲ್ಲಿ ಡೊರೋಥಿ ಸೇಯರ್ಸ್ ಎಂಬ ಪತ್ತೇದಾರಿ ಕಾದಂಬರಿಗಾರ್ತಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣ ಇದರ ಬೇರು. 1999ರಲ್ಲಿ ಜೆಸ್ಸಿ ವೈಸ್ ಮತ್ತು ಸುಸಾನ್ ವೈಸ್ ಬಾವರ್ ಎಂಬ ತಾಯಿ ಮಗಳು ಬರೆದ ದಪ್ಪ ಪುಸ್ತಕ ಇದರ ಕಾಂಡ. ಚಿಕ್ಕಂದಿನಲ್ಲಿ ಬಾಯಿಪಾಠ, ಹದಿಹರೆಯದ ಹೊಸ್ತಿಲಲ್ಲಿ ತರ್ಕ, ದೊಡ್ಡವರಾದ ಮೇಲೆ ಮಾತುಗಾರಿಕೆ. ಚಿಕ್ಕ ಮಕ್ಕಳಿಗೆ ಬಾಯಿಪಾಠ ಇಷ್ಟ ಎಂಬುದನ್ನು ಇವರು ಕಂಡುಹಿಡಿದಿದ್ದಾರೆ. ನಮ್ಮ ಕೂಲಿಮಠದ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಒಪ್ಪಿಸಿಕೊಂಡು, ಅಮರಕೋಶವನ್ನೂ ಸೋಮೇಶ್ವರ ಶತಕವನ್ನೂ ಗಟ್ಟು ಹೊಡೆಸುತ್ತಿದ್ದಾಗ ತಾವು ಶಾಸ್ತ್ರೀಯ ಮಾದರಿಯವರೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಕೈಯಲ್ಲಿ ಬೆತ್ತ ಇತ್ತು, ಇವರ ಕೈಯಲ್ಲಿ ಸ್ಟಿಕ್ಕರ್ ಇದೆ. ಈ ವಿಷಯದಲ್ಲಿ ನಾನು ಸ್ಟಿಕ್ಕರಿನ ಪಕ್ಷ.

ಮೂರನೆಯದು ವಾಲ್ಡಾರ್ಫ್. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಸಿಗರೇಟು ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ ರುಡಾಲ್ಫ್ ಸ್ಟೈನರ್ ತೆರೆದ ಶಾಲೆಯಿಂದ ಬಂದದ್ದು. ಹಾಲುಹಲ್ಲು ಬೀಳುವ ತನಕ, ಅಂದರೆ ಏಳು ವರ್ಷದ ತನಕ, ಓದಿಸುವ ಗೋಜಿಗೇ ಹೋಗಬೇಡಿ ಎನ್ನುತ್ತದೆ. ‘ಇನ್ನೂ ಓದಲ್ವಾ?’ ಎನ್ನುವ ಅತ್ತಿಗೆಗೆ ಉತ್ತರ ಕೊಡಲು ಬಹಳ ಅನುಕೂಲ. ನಾಲ್ಕನೆಯದು ಅಮೆರಿಕದ ಜಾನ್ ಹೋಲ್ಟ್ ಹಾಕಿಕೊಟ್ಟ ದಾರಿ: ಪಠ್ಯಕ್ರಮವೇ ಬೇಡ, ಮಗು ತನಗೆ ಬೇಕಾದಾಗ ಬೇಕಾದ್ದನ್ನು ಕಲಿಯುತ್ತದೆ. ಈ ದಾರಿಯವರೂ ಪೆಟ್ಟಿಗೆ ಕೊಳ್ಳುತ್ತಾರೆ. ‘ಸುಮ್ಮನೆ ಮನೆಯಲ್ಲಿರಲಿ’ ಎಂದು.

ಆಯ್ಕೆಯ ವಿಧಾನ

ಕಂಪ್ಯೂಟರಿನಲ್ಲಿ ಹೊಸದೊಂದು ಎಕ್ಸೆಲ್ ಕೋಷ್ಟಕ ತೆರೆಯಿರಿ. ಎಡಕ್ಕೆ ಪೆಟ್ಟಿಗೆಗಳ ಹೆಸರು, ಮೇಲೆ ಗುಣಗಳು: ಬೆಲೆ, ಸಾಗಣೆ, ಸುಂಕ, ಧರ್ಮಬೋಧೆ ಇದೆಯೋ ಇಲ್ಲವೋ, ತಾಯಿ ಎಷ್ಟು ಹೊತ್ತು ಕೂರಬೇಕು, ಕಾಗದ ದಪ್ಪವೋ ತೆಳುವೋ. ಒಂದೊಂದಕ್ಕೂ ಅಂಕ ಕೊಡಿ. ಒಟ್ಟು ಕೂಡಿಸಿ. ಬಂದ ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಅಂಕ ತಿದ್ದಿ.

ರಾತ್ರಿ ಮಗು ಮಲಗಿದ ಮೇಲೆ ಗಂಡ ಹೆಂಡತಿ ಒಟ್ಟಿಗೆ ಕೂತು ಮಾಡುವ ಈ ಕೆಲಸ ಬಹಳ ಹಿತವಾದದ್ದು. ಎಷ್ಟು ಹಿತವೆಂದರೆ, ಮಲಗುವ ಮುನ್ನ ಮಗುವಿಗೆ ಒಂದು ಕತೆ ಓದಿ ಹೇಳಬೇಕಾದ ಅರ್ಧ ಗಂಟೆಯೂ ಇದಕ್ಕೇ ಹೋಗುತ್ತದೆ. ‘ಅಮ್ಮಾ, ಕತೆ’ ಎಂದರೆ ‘ನಿನಗೋಸ್ಕರವೇ ಮಾಡ್ತಾ ಇದೀನಿ ಕಂದಾ, ಮಲಕ್ಕೋ’ ಎನ್ನಿ. ಇದು ಅಧಿಕೃತ ಉತ್ತರ.

ಅಮೆರಿಕದ ಸಿದ್ಧ ಪೆಟ್ಟಿಗೆ ಆರಿಸಿದಿರೋ, ಅದರೊಳಗೆ ಸಾಮಾನ್ಯವಾಗಿ 36 ವಾರಗಳ ವೇಳಾಪಟ್ಟಿ ಇರುತ್ತದೆ. ಯಾವ ವಾರ, ಯಾವ ದಿನ, ಯಾವ ಪುಸ್ತಕ, ಯಾವ ಪುಟ ಎಲ್ಲ ಬರೆದಿರುತ್ತದೆ. ಅದರಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಬಿಡುವಿದೆ, ದಸರೆಗೆ ಇಲ್ಲ. ಗಣೇಶನ ಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆ ನೀವು ಮೂರು ವಾರ ಹಿಂದೆ ಬಿದ್ದಿರುತ್ತೀರಿ. ಯಾರಿಗಿಂತ ಹಿಂದೆ ಎಂದು ಕೇಳಬೇಡಿ. ಮನೆಯಲ್ಲಿ ಇರುವ ವಿದ್ಯಾರ್ಥಿ ಒಬ್ಬರೇ.

ಅಕ್ಷರಭಾಗದ ಜೋಡಣೆ

ಇಲ್ಲಿ ಸ್ವಲ್ಪ ನಿಧಾನ. ಹಾಸ್ಯಕ್ಕೆ ಹೆಚ್ಚು ಜಾಗವಿಲ್ಲದ ಭಾಗ ಇದು.

ಅಕ್ಷರ ಬಿಡಿಸಿ ಓದುವುದು ಒಂದು ಕೌಶಲ. ಕತೆಯ ರುಚಿ ಹತ್ತುವುದು ಇನ್ನೊಂದು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುವುದರಿಂದಲೇ ಇಷ್ಟೆಲ್ಲ ಗೊಂದಲ. ಅಕ್ಷರಕ್ಕೆ ಕ್ರಮ ಬೇಕು, ಅಭ್ಯಾಸ ಬೇಕು, ದಿನಾ ಕೂರಬೇಕು. ಪುಸ್ತಕಗಳನ್ನು ಸುತ್ತ ಹರಡಿಟ್ಟರೆ ಓದು ತಾನಾಗಿ ಬರುತ್ತದೆ ಎಂಬ ಮಾತು ಕೆಲವು ಮಕ್ಕಳಲ್ಲಿ ನಿಜ, ಹೆಚ್ಚಿನವರಲ್ಲಿ ಅಲ್ಲ. ಇಂಗ್ಲಿಷಿಗೆ ಫೋನಿಕ್ಸ್ ಎಂಬ ಧ್ವನಿಪಾಠ ಬೇಕೇ ಬೇಕು. ಅಮೆರಿಕದಲ್ಲಿ ಈ ಬಗ್ಗೆ ದಶಕಗಳ ಕಾಲ ಜಗಳವಾಡಿ, ಮಕ್ಕಳು ಪದಗಳನ್ನು ಚಿತ್ರ ನೋಡಿ ಊಹಿಸುವುದನ್ನು ಕಂಡು, ಮತ್ತೆ ಅಲ್ಲಿಗೇ ಬಂದಿದ್ದಾರೆ. 1983ರಲ್ಲಿ ಬಂದ ನೂರು ಪಾಠಗಳ ಒಂದು ಪುಸ್ತಕ ಇವತ್ತಿಗೂ ಮಾರಾಟವಾಗುತ್ತಿದೆ. ಚಿತ್ರ ಕಡಿಮೆ, ದಿನಕ್ಕೆ ಇಪ್ಪತ್ತು ನಿಮಿಷದ ಪಾಠ, ತಾಯಿ ಆಡಬೇಕಾದ ಮಾತೂ ಅಚ್ಚಾಗಿದೆ. ನೀರಸ. ಕೆಲಸ ಮಾಡುತ್ತದೆ.

ಬ್ರಿಟನ್ನಿನ ಜಾಲಿ ಫೋನಿಕ್ಸ್ ಪೆಟ್ಟಿಗೆ ಎ, ಬಿ, ಸಿ ಎಂದು ಶುರುವಾಗುವುದಿಲ್ಲ. ಎಸ್, ಎ, ಟಿ, ಐ, ಪಿ, ಎನ್ ಎಂದು ಶುರುವಾಗುತ್ತದೆ. ಈ ಆರರಿಂದಲೇ ಸಾಕಷ್ಟು ಪುಟ್ಟ ಪದಗಳನ್ನು ಕಟ್ಟಬಹುದು ಎಂಬುದು ಲೆಕ್ಕ. ತಂದೆತಾಯಿಗಳು ಇದನ್ನು ಕಂಡು ಬೆರಗಾಗಿ ದುಡ್ಡು ಕೊಡುತ್ತಾರೆ. ಅದೇ ಲೆಕ್ಕವನ್ನು ಕನ್ನಡಕ್ಕೆ ಹಾಕಿದವರು ಎಚ್.ಡಿ. ಕೋಟೆಯಲ್ಲಿದ್ದರು. 1995ರಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಮೇಷ್ಟರುಗಳು ಆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಶುರು ಮಾಡಿದರು. ಅಲ್ಲಿ ಮಗು ಅ, ಆ, ಇ, ಈ ಎಂದು ಆರಂಭಿಸುವುದಿಲ್ಲ. ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭವಾದ, ಕೂಡಿಸಿದರೆ ತಕ್ಷಣ ಪದವಾಗುವ ಅಕ್ಷರಗಳು ಮೊದಲು: ಸರ, ಅರಸ, ಗರಗಸ. ಮೊದಲ ಕೆಲವು ದಿನಗಳಲ್ಲೇ ಮಗು ಒಂದು ಪದವನ್ನು ತಾನೇ ಓದಿರುತ್ತದೆ. ಆಮೇಲೆ ಇದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಡಾಲರಿನ ಬೆಲೆಪಟ್ಟಿ ಇಲ್ಲದ ಕಾರಣ ನಿಮ್ಮ ಕೋಷ್ಟಕಕ್ಕೆ ಬಂದಿಲ್ಲ.

ಕನ್ನಡದ ಅಕ್ಷರಭಾಗಕ್ಕೆ ಇಂಗ್ಲಿಷಿನ ವೇಳಾಪಟ್ಟಿಯನ್ನು ಹೊಂದಿಸಬೇಡಿ. ಇಂಗ್ಲಿಷಿನಲ್ಲಿ ಅಕ್ಷರ 26, ತೊಂದರೆ ಕಾಗುಣಿತದಲ್ಲಲ್ಲ, ಸ್ಪೆಲಿಂಗಿನಲ್ಲಿ. ಕನ್ನಡದಲ್ಲಿ ವರ್ಣಮಾಲೆಯ 49 ಕಲಿತರೆ ಕೆಲಸ ಶುರುವಾಯಿತು ಅಷ್ಟೆ. 34 ವ್ಯಂಜನಗಳಿಗೆ ಒಂದೊಂದು ಸಾಲು ಕಾಗುಣಿತ ಹಿಡಿದರೂ ರೂಪಗಳು ಐನೂರರ ಆಸುಪಾಸು. ಅದರ ಮೇಲೆ ಒತ್ತಕ್ಷರ. ಒಮ್ಮೆ ಕಲಿತರೆ ಬರೆದದ್ದೇ ಓದು, ಓದಿದ್ದೇ ಬರಹ, ಇಂಗ್ಲಿಷಿನ ಹಾಗೆ ಮೋಸವಿಲ್ಲ. ಆದರೆ ಅಲ್ಲಿಗೆ ತಲುಪಲು ಮೂರು ನಾಲ್ಕು ವರ್ಷ ಹಿಡಿದರೆ ಮಗುವಿನಲ್ಲೂ ದೋಷವಿಲ್ಲ, ಕನ್ನಡದಲ್ಲೂ ದೋಷವಿಲ್ಲ. ‘ಇಂಗ್ಲಿಷು ಬೇಗ ಬಂತು, ಕನ್ನಡ ಇವಳಿಗೆ ಕಷ್ಟ’ ಎಂದು ಎರಡನೇ ವರ್ಷದಲ್ಲೇ ತೀರ್ಪು ಕೊಟ್ಟು ಕನ್ನಡವನ್ನು ಐಚ್ಛಿಕ ಮಾಡುವ ಮನೆಗಳು ಬಹಳ. ಅದೊಂದನ್ನು ಮಾತ್ರ ಮಾಡಬೇಡಿ.

ಸಾಹಿತ್ಯಭಾಗದ ಜೋಡಣೆ

ಈ ಭಾಗಕ್ಕೆ ಕ್ರಮ ಬೇಡ. ಪೆಟ್ಟಿಗೆಯನ್ನು ಪಕ್ಕಕ್ಕಿಡಿ.

ಕನ್ನಡದ ಮಕ್ಕಳ ಪುಸ್ತಕಗಳನ್ನು ಯಾರೂ ವಾರದ ಲೆಕ್ಕದಲ್ಲಿ ಪೆಟ್ಟಿಗೆಗೆ ತುಂಬಿಲ್ಲ. ಹಾಗಾಗಿ ‘ಕನ್ನಡದಲ್ಲಿ ಮಕ್ಕಳಿಗೆ ಏನೂ ಇಲ್ಲ’ ಎಂಬ ಮಾತು ಗಾಂಧಿಬಜಾರಿನ ಪುಸ್ತಕದಂಗಡಿಯಿಂದ ಮೂರು ನಿಮಿಷ ದೂರದ ಅಪಾರ್ಟ್‌ಮೆಂಟಿನಲ್ಲೂ ಕೇಳಿಬರುತ್ತದೆ. ಇದ್ದದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ, ನನಗೆ ಇಷ್ಟವಾದ ಕ್ರಮದಲ್ಲಿ.

ಪಂಜೆ ಮಂಗೇಶರಾಯರಿಂದ ಶುರು ಮಾಡಿ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಈ ಮೇಷ್ಟ್ರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಬರೆದರು. ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಹೆಸರು ಕೇಳಿದರೆ ಸಾಕು, ಆರು ವರ್ಷದ ಮಗು ಬಿದ್ದು ಬಿದ್ದು ನಗುತ್ತದೆ. ಹೆಸರಿನಲ್ಲೇ ಹೇನಿದೆ, ಸಾವಿದೆ, ಬಡತನವಿದೆ; ಯಾವ ವಿದೇಶಿ ಪೆಟ್ಟಿಗೆಯ ಸಮಿತಿಯೂ ಇದನ್ನು ಪಾಸು ಮಾಡುವುದಿಲ್ಲ. ಮಗು ಮಾಡುತ್ತದೆ.

ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು ನಿಮಗೇ ಬಾಯಿಗೆ ಬರುತ್ತವೆ, ಪುಸ್ತಕವೂ ಬೇಕಿಲ್ಲ. ತುತ್ತೂರಿ ಹಾಳಾಗುವ ಪದ್ಯದಲ್ಲಿ ಹುಡುಗನ ಮೇಲೆ ಮಗುವಿಗೆ ಕನಿಕರ ಹುಟ್ಟುತ್ತದೋ ನಗು ಬರುತ್ತದೋ ಗಮನಿಸಿ, ಎರಡೂ ಸರಿ. ಒಂದು ಎಚ್ಚರಿಕೆ: ಕವಿಯ ಹೆಸರು ನೋಡಿ ‘ರತ್ನನ ಪದಗಳು’ ಎಂಬ ಪುಸ್ತಕವನ್ನೂ ಮಕ್ಕಳ ಕಪಾಟಿಗೆ ಹಾಕಬೇಡಿ. ಅದರ ರತ್ನ ಹೆಂಡ ಕುಡಿದು ಮಾತಾಡುವವನು. ಆ ಪುಸ್ತಕ ಮಗು ಮಲಗಿದ ಮೇಲೆ ನಿಮಗೆ, ಕೋಷ್ಟಕದ ಬದಲು.

ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬರೆದದ್ದು ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಪದ್ಯವನ್ನು ಆಧರಿಸಿ. ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳು ಬೊಮ್ಮನಹಳ್ಳಿಗೆ ಬಂದ ಮೇಲೆ ಹಿಂದಿರುಗಲಿಲ್ಲ. ಹೊರಗಿನದನ್ನು ತರುವುದು ಹೇಗೆ ಎಂಬುದಕ್ಕೆ ಪೆಟ್ಟಿಗೆ ತರಿಸುವವರು ಇದನ್ನೊಮ್ಮೆ ನೋಡಬೇಕು. ಜೋರಾಗಿ ಓದಿ, ಈ ಪದ್ಯ ಕಣ್ಣಿಗಲ್ಲ, ಕಿವಿಗೆ.

ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದರು. ಒಬ್ಬನೇ ಮನುಷ್ಯ ಮಕ್ಕಳಿಗಾಗಿ ವಿಶ್ವಕೋಶ ಬರೆಯಲು ಹೊರಟದ್ದು ಹುಚ್ಚು ಸಾಹಸ; ಅದರ ಮಾಹಿತಿ ಇವತ್ತಿಗೆ ಹಳತು. ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಮಗುವಿಗೆ ಎಷ್ಟೋ ಅಷ್ಟೇ ನಿಮಗೂ ಬೇಕಾದೀತು. ರಾಷ್ಟ್ರೋತ್ಥಾನದವರ ಭಾರತ-ಭಾರತಿ ಮಾಲೆಯಲ್ಲಿ, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ, ಐನೂರಕ್ಕೂ ಹೆಚ್ಚು ಪುಟ್ಟ ಜೀವನಚರಿತ್ರೆಗಳು ಬಂದಿವೆ. ನಾಯಕರಲ್ಲಿ ಯಾರಿಗೂ ಒಂದು ಕೆಟ್ಟ ಗುಣವಿಲ್ಲ. ಸಾಹಿತ್ಯದ ದೃಷ್ಟಿಯಿಂದ ಅದು ಕೊರತೆಯೇ. ಆದರೆ ಎಂಟು ಹತ್ತು ವರ್ಷದ ಮಕ್ಕಳು ಚಿಕ್ಕ ಪುಸ್ತಕವನ್ನು ಪೂರ್ತಿ ಮುಗಿಸಿದೆ ಎಂಬ ಹೆಮ್ಮೆಗೇ ಮುಂದಿನದನ್ನು ಕೈಗೆತ್ತಿಕೊಳ್ಳುತ್ತಾರೆ. ಆ ಚಟ ಹಿಡಿದರೆ ಉಳಿದದ್ದು ಸುಲಭ.

‘ಚಂದಮಾಮ’ ಈಗ ಬರುತ್ತಿಲ್ಲ. ಹಳೆಯ ಸಂಚಿಕೆಗಳು ಅಟ್ಟದ ಮೇಲಿದ್ದರೆ ಇಳಿಸಿ. ಪಾಠದ ಕೊನೆಗೆ ಪ್ರಶ್ನೆ ಕೇಳುವ ಪದ್ಧತಿಯನ್ನು ಯಾವ ಪೆಟ್ಟಿಗೆಯೂ ಆ ಸಂಚಿಕೆಗಳ ಬೇತಾಳನಷ್ಟು ಚೆನ್ನಾಗಿ ಮಾಡಿಲ್ಲ. ಅವನು ಕತೆಗೊಂದೇ ಪ್ರಶ್ನೆ ಕೇಳುತ್ತಾನೆ. ಅದು ನೆನಪಿನ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು. ಹೇಳಿದರೆ ಹೆಣ ಮತ್ತೆ ಮರಕ್ಕೆ, ನಾಳೆಗೆ ಇನ್ನೊಂದು ಕತೆ. ‘ಕತೆಯ ಮುಖ್ಯ ಆಶಯವೇನು? ಮೂರು ವಾಕ್ಯಗಳಲ್ಲಿ ಬರೆ’ ಎಂಬ ಹಾಳೆಯನ್ನು ಮಗುವಿನ ಮುಂದಿಡುವ ಮುನ್ನ ಬೇತಾಳನನ್ನು ನೆನೆಯಿರಿ.

ಹತ್ತು ದಾಟಿದ ಮಗುವಿಗೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ ಕೊಡಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದಿಂದ ಮೊದಲು ಅದನ್ನು ಪಡೆದ ಪುಸ್ತಕ. ಮರುವರ್ಷ ಬಂದದ್ದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಶರಾವತಿಗೆ ಅಣೆಕಟ್ಟು ಕಟ್ಟಿ ಊರು ಮುಳುಗಿದ ಸೀಮೆಯ ಸುದ್ದಿ ಅದರಲ್ಲಿದೆ. ನಿಮ್ಮ ಮನೆಯ ದೀಪ ಹತ್ತಿದ್ದರ ಹಿಂದೆ ಇರುವ ಕತೆಯೂ ಅದೇ. ಹನ್ನೆರಡರ ಸುಮಾರಿಗೆ ತೇಜಸ್ವಿಯವರ ‘ಕರ್ವಾಲೊ’. ಅದು ಮಕ್ಕಳ ಕಾದಂಬರಿಯಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ನುಗ್ಗುವ ಕತೆ ಮತ್ಯಾರದ್ದು?

ನಾಟಕವೊಂದಿರಲಿ. ಬಿ.ವಿ. ಕಾರಂತರ ‘ಪಂಜರ ಶಾಲೆ’ಗೆ ಮೂಲ ಟ್ಯಾಗೋರರ ಗಿಳಿಯ ಕತೆ. ರಾಜ ಗಿಳಿಗೆ ವಿದ್ಯೆ ಕಲಿಸಲು ಆಜ್ಞೆ ಮಾಡುತ್ತಾನೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಬರುತ್ತಾರೆ, ಗ್ರಂಥಗಳ ರಾಶಿ ಬೀಳುತ್ತದೆ, ಮೇಲ್ವಿಚಾರಕರಿಗೆ ಮೇಲ್ವಿಚಾರಕರು ಹುಟ್ಟಿಕೊಳ್ಳುತ್ತಾರೆ. ಎಲ್ಲರೂ ಏಳಿಗೆ ಹೊಂದುತ್ತಾರೆ, ಗಿಳಿಯೊಂದನ್ನು ಬಿಟ್ಟು. ಇದನ್ನು ಮಗುವಿನ ಪಟ್ಟಿಗೆ ಸೇರಿಸಬಹುದು. ಕ್ರೆಡಿಟ್ ಕಾರ್ಡಿನ ಸಂಖ್ಯೆ ತುಂಬುವ ಮುನ್ನ ನೀವು ಓದಿದರೆ ಇನ್ನೂ ಒಳ್ಳೆಯದು.

ಇವೆಲ್ಲಕ್ಕೂ ದುಡ್ಡೆಲ್ಲಿ ಎನ್ನುವವರಿಗೆ: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ನಾಲ್ಕು ಮಟ್ಟಗಳಲ್ಲಿ ಪುಕ್ಕಟೆ ಸಿಗುತ್ತವೆ, ಇಳಿಸಿಕೊಳ್ಳಬಹುದು, ಅಚ್ಚು ಹಾಕಿಕೊಳ್ಳಬಹುದು. ಅಲ್ಲಿ ಕೆಲವು ಅನುವಾದಗಳು ಬಿಗಿಯಾಗಿವೆ. ಜೋರಾಗಿ ಓದುವಾಗ ನಿಮ್ಮ ಮನೆಯ ಮಾತಿಗೆ ತಿರುಗಿಸಿಕೊಳ್ಳಿ. ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಕೂತು ವಾರಾಂತ್ಯದ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವವರಿಗೂ ಈ ದಾರಿ ಸುಲಭ.

ಅಜ್ಜಿ ಎಂಬ ಬಿಡಿಭಾಗ

ಕೆಲವು ಮನೆಗಳಲ್ಲಿ ಇದು ಮೊದಲೇ ಜೋಡಿಸಿ ಬಂದಿರುತ್ತದೆ. ಬೇರೆಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಪಠ್ಯಕ್ರಮದ ಕೋಷ್ಟಕದಲ್ಲಿ ಇದಕ್ಕೆ ಸಾಲು ಇರುವುದಿಲ್ಲ, ‘ಪೂರಕ ಚಟುವಟಿಕೆ’ಗಳ ಅಡಿಯಲ್ಲೂ ಇರುವುದಿಲ್ಲ.

ಮಧ್ಯಾಹ್ನ ‘ಸುಧಾ’ವನ್ನೋ ‘ತರಂಗ’ವನ್ನೋ ಹಿಡಿದು ಕೂತ ಅಜ್ಜಿಯ ಪಕ್ಕ ಮಗುವನ್ನು ಕೂರಿಸಿ. ಕನ್ನಡ ಓದುವುದರಲ್ಲಿ ಈಗಿನ ಎಷ್ಟೋ ಅಪ್ಪ ಅಮ್ಮಂದಿರಿಗಿಂತ ಅಜ್ಜಿಯ ವೇಗ ಹೆಚ್ಚು. ಆಕೆ ಧಾರವಾಡದವಳಾದರೆ ಒಂದು ಕನ್ನಡ, ಕುಂದಾಪುರದವಳಾದರೆ ಇನ್ನೊಂದು. ಪುಸ್ತಕದಲ್ಲಿ ‘ಇಲ್ಲಿ ಬಾ’ ಎಂದಿದ್ದದ್ದನ್ನು ಅಜ್ಜಿ ‘ಇಲ್ ಬಾರವ್ವಾ’ ಎಂದು ಓದಿದಳೆಂದು ತಿದ್ದಲು ಹೋಗಬೇಡಿ. ‘ಅತ್ತೆ, ಬರೆದಿರೋ ಹಾಗೇ ಓದಿ’ ಎಂದರೆ ಅವರು ಮುಖ ನೋಡುವುದಿಲ್ಲ, ಪುಸ್ತಕ ಮುಚ್ಚುತ್ತಾರೆ. ಬರೆದದ್ದು ಒಂದು ಥರ, ಆಡುವುದು ಇನ್ನೊಂದು ಥರ ಎಂದು ಮಗುವಿಗೆ ಅಷ್ಟೊತ್ತಿಗೆ ತಾನಾಗಿ ತಿಳಿದಿರುತ್ತದೆ. ಶಾರ್ಲೆಟ್ ಮೇಸನ್ ಹೇಳಿದ ‘ತಿರುಗಿ ಹೇಳುವುದು’ ಇಲ್ಲಿ ಎರಡೂ ಕಡೆಯಿಂದ ನಡೆಯುತ್ತದೆ: ಮಗು ಕೇಳಿದ ಕತೆಯನ್ನು ಹೇಳುತ್ತದೆ, ಅಜ್ಜಿ ನಡುವೆ ಬೇಕೆಂದೇ ತಪ್ಪಿ ಮಗು ತಿದ್ದುವ ಹಾಗೆ ಮಾಡುತ್ತಾಳೆ.

ದೋಷಪತ್ತೆ

ದೋಷ: ಮಗು ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತದೆ, ವೇಳಾಪಟ್ಟಿ ಮುಂದಕ್ಕೆ ಹೋಗುತ್ತಿಲ್ಲ.
ಪರಿಹಾರ: ದೋಷವಲ್ಲ. ವೇಳಾಪಟ್ಟಿಯನ್ನು ಹರಿಯಿರಿ.

ದೋಷ: ಮಗು ಕಾಮಿಕ್ಸು ಮಾತ್ರ ಓದುತ್ತದೆ.
ಪರಿಹಾರ: ಓದಲಿ. ನೀವು ಕತೆ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಮಗು ತಾನೇ ಓದುವ ಮಟ್ಟ ಒಂದು, ಕೇಳಿ ಅರ್ಥ ಮಾಡಿಕೊಳ್ಳುವ ಮಟ್ಟ ಇನ್ನೊಂದು. ಎರಡನೆಯದು ಬಹಳ ವರ್ಷ ಮುಂದೆಯೇ ಇರುತ್ತದೆ. ಹತ್ತು ವರ್ಷದ ಮಗು ‘ನಾನೇ ಓದಬಲ್ಲೆ’ ಎಂದರೂ ಜೋರಾಗಿ ಓದಿ ಹೇಳಿದರೆ ಬಂದು ಕೂರುತ್ತದೆ.

ದೋಷ: ಏಳೂವರೆ ವರ್ಷವಾದರೂ ಅಕ್ಷರ ಜಾರುತ್ತಿದೆ, ನಿನ್ನೆ ಬಂದದ್ದು ಇವತ್ತು ಇಲ್ಲ, ಪುಸ್ತಕ ಕಂಡರೆ ಹೊಟ್ಟೆನೋವು.
ಪರಿಹಾರ: ಪೆಟ್ಟಿಗೆ ಬದಲಿಸಬೇಡಿ. ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಆಮೇಲೆ ಓದಿನ ತೊಂದರೆಗಳನ್ನು ಬಲ್ಲ ತಜ್ಞರನ್ನು ಕಾಣಿ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬೇಕಾದದ್ದು ನಿಧಾನವಾದ, ಹಂತಹಂತದ, ನುರಿತವರ ಪಾಠ. ಶಾಲೆಯಲ್ಲಾದರೆ ಟೀಚರ್ ಒಬ್ಬರಾದರೂ ಗಮನಿಸಿ ಹೇಳಿಯಾರು. ಮನೆಯಲ್ಲಿ ಆ ಕಣ್ಣು ನಿಮ್ಮದೊಂದೇ.

ದೋಷ: ತಾಯಿಗೆ ಕೋಪ ಬರುತ್ತಿದೆ.
ಪರಿಹಾರ: ಪಾಠವನ್ನು ಅಪ್ಪ ಮಾಡಲಿ. ಈ ಕೈಪಿಡಿಯಲ್ಲಿ ಇಷ್ಟು ಹೊತ್ತೂ ‘ತಂದೆತಾಯಿಗಳು’ ಎಂದಿದ್ದೇವೆ. ಕೆಲಸ ಯಾರ ಪಾಲಿಗೆ ಬಿದ್ದಿದೆ ಎಂಬುದು ನಿಮಗೆ ಗೊತ್ತು.

ಪರೀಕ್ಷೆ

ಪರೀಕ್ಷೆಯ ಭಯವೇ ಎಷ್ಟೋ ಜನರನ್ನು ದಪ್ಪ ಪೆಟ್ಟಿಗೆಗೆ ತಳ್ಳುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಮೂರು, ಐದು, ಎಂಟನೇ ತರಗತಿಗಳಿಗೆ ಸಮನಾದ ಎ, ಬಿ, ಸಿ ಎಂಬ ಮಟ್ಟಗಳನ್ನು ನಡೆಸುತ್ತದೆ. ಹದಿನಾಲ್ಕು ತುಂಬಿದವರು ಹತ್ತನೇ ತರಗತಿಗೆ ಕೂರಬಹುದು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅಲ್ಲಿ ಕೇಳುವುದು ಅವರ ಪಠ್ಯದಿಂದ. ಆರನೇ ವಯಸ್ಸಿಗೆ ನೀವು ತರಿಸಿದ ಪೆಟ್ಟಿಗೆಯಿಂದ ಒಂದು ಪ್ರಶ್ನೆಯೂ ಬರುವುದಿಲ್ಲ. ಚೆನ್ನಾಗಿ ಓದಬಲ್ಲ ಹುಡುಗನೋ ಹುಡುಗಿಯೋ ಆ ಪಠ್ಯವನ್ನು ಒಂದೆರಡು ವರ್ಷದಲ್ಲಿ ಮುಗಿಸಬಲ್ಲರು.

ಖಾತರಿ

ಈ ಸಾಧನಕ್ಕೆ ಖಾತರಿ ಇಲ್ಲ. ಇದನ್ನು ಬಳಸಿದ ಮಗು ದೊಡ್ಡದಾದ ಮೇಲೆ ಓದುವವನೇ ಆಗುತ್ತಾನೆಂದು ಕಂಪನಿ ಭರವಸೆ ಕೊಡುವುದಿಲ್ಲ. ಕೊಡುವ ಕಂಪನಿಯನ್ನು ನಂಬಬೇಡಿ. ಅಕ್ಷರಕ್ಕೆ ಒಂದು ಸರಳ ಪುಸ್ತಕ ಇಟ್ಟುಕೊಂಡು ದಿನಾ ಇಪ್ಪತ್ತು ನಿಮಿಷ ಕೂರಿ. ಉಳಿದ ದುಡ್ಡಿನಲ್ಲಿ ಮೇಲೆ ಹೇಳಿದ ಪುಸ್ತಕಗಳನ್ನೆಲ್ಲ ತಂದರೂ ಮಸಾಲೆದೋಸೆಗೆ ಮಿಗುತ್ತದೆ.

ಅದಕ್ಕೂ ಮುನ್ನ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಮಗುವಿನ ಹೆಸರಿಗೆ ಒಂದು ಸದಸ್ಯತ್ವ ಮಾಡಿಸಿ. ಊರಿನ ಕಡೆ ಹೋದಾಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೂ ನೋಡಿ ಬನ್ನಿ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗುವನ್ನು ಕರೆದುಕೊಂಡೇ ಹೋಗಿ, ಪುಸ್ತಕ ಅದೇ ಆರಿಸಲಿ. ಹೊರಡುವ ಮುನ್ನ ವಾರ ನೋಡಿಕೊಳ್ಳಿ: ಬಹಳ ಕಡೆ ಸೋಮವಾರ ರಜೆ.